ಬಸ್ಸು ಓಡುತ್ತಾ ಇರಲಿ

ಕುಂದಾಪುರ ಕಡೆಯ ಓದುಗರೊಬ್ಬರ ನಾಲ್ಕು ಪುಟದ ಪತ್ರ ಬಂದಿದೆ. ಪೂರ್ತಿ ಹಾಕಲು ಜಾಗವಿಲ್ಲ. ಮುಖ್ಯ ಭಾಗ ಇಷ್ಟು:

“ನಿಮ್ಮ ಪತ್ರಿಕೆಯ ಲೇಖನ ನಂಬಿ ರಾಬರ್ಟ್ ಜೋರ್ಡನ್ ಅವರ ‘ದಿ ವೀಲ್ ಆಫ್ ಟೈಮ್’ ಫ್ಯಾಂಟಸಿ ಕಾದಂಬರಿ ಸರಣಿ ಹಿಡಿದೆ. ಒಟ್ಟು 14 ಪುಸ್ತಕ. ಮೊದಲ ಆರನ್ನು ಊಟ ನಿದ್ದೆ ಬಿಟ್ಟು ಓದಿದೆ. ನಾಲ್ಕನೆಯದನ್ನಂತೂ ಎರಡು ಸಲ. ಏಳರಿಂದ ಕಾಲು ಭಾರವಾಗತೊಡಗಿತು. ಒಬ್ಬಳು ಜಡೆ ಎಳೆದುಕೊಳ್ಳುತ್ತಾಳೆ, ಉಳಿದವರು ಲಂಗದ ನೆರಿಗೆ ಸರಿ ಮಾಡಿಕೊಳ್ಳುತ್ತಾರೆ, ಎಲ್ಲರೂ ಮೂಗು ಸಿಂಡರಿಸುತ್ತಾರೆ. ಹತ್ತನೆಯದು ಹೋದ ವಾರ ಮುಗಿಯಿತು. ಏನೂ ನಡೆಯಲಿಲ್ಲ! ಯಕ್ಷಗಾನಕ್ಕೇ ಕಾಲಮಿತಿ ಬಂತು, ಇವರಿಗೆ ಯಾರೂ ಹೇಳಲಿಲ್ಲವೇ? ಈಗ ನಿಲ್ಲಿಸಲೋ, ಮುಂದುವರಿಸಲೋ? ಲೇಖನದಲ್ಲಿ ಈ ವಿಷಯ ಒಂದು ಸಾಲಾದರೂ ಹೇಳಬಹುದಿತ್ತು.”

ನಮಸ್ಕಾರ.

ಮೊದಲು ತಪ್ಪೊಪ್ಪಿಗೆ. ಹೇಳಬೇಕಿತ್ತು, ಹೇಳಲಿಲ್ಲ. ಆ ಲೇಖನ ನನ್ನ ಕೈಯಲ್ಲೇ ಹಾದು ಹೋಗಿದ್ದು. ಮೆಚ್ಚಿದ ಪುಸ್ತಕವನ್ನು ಬೇರೆಯವರಿಗೆ ಹೇಳುವಾಗ ಮನೆ ಹುಡುಗನಿಗೆ ಹೆಣ್ಣು ನೋಡುವವರ ಹಾಗೆ ಆಡಿಬಿಡುತ್ತೇವೆ. ಕುಂದು ಕೊರತೆ ಬಾಯಿಗೇ ಬರುವುದಿಲ್ಲ.

ನೀವು ಒಬ್ಬರೇ ಅಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಈ ಸರಣಿಯ ನಡುಭಾಗಕ್ಕೆ ಇಂಗ್ಲಿಷ್ ಓದುಗರು ‘ಸ್ಲಾಗ್’ ಅಂತ ಹೆಸರೇ ಇಟ್ಟಿದ್ದಾರೆ. ಕೆಸರುಗದ್ದೆಯಲ್ಲಿ ಕಾಲು ಕಿತ್ತು ಕಿತ್ತು ಇಟ್ಟು ನಡೆಯುವುದು ಅಂದುಕೊಳ್ಳಿ. ಅದು ಎಲ್ಲಿ ಶುರು ಅನ್ನುವುದರಲ್ಲಿ ಜಗಳವಿದೆ. ಏಳು ಅನ್ನುವವರಿದ್ದಾರೆ, ಎಂಟು ಅನ್ನುವವರಿದ್ದಾರೆ. ಎಲ್ಲಿ ಅತಿ ಆಳ ಅನ್ನುವುದರಲ್ಲಿ ಮಾತ್ರ ಜಗಳವಿಲ್ಲ. ನೀವು ಹೋದ ವಾರ ಮುಗಿಸಿದಿರಲ್ಲ, ‘ಕ್ರಾಸ್‌ರೋಡ್ಸ್ ಆಫ್ ಟ್ವೈಲೈಟ್’, ಅಲ್ಲೇ.

ಆದರೆ ನಿಮ್ಮ ಪತ್ರದ ಒಂದು ಮಾತು ಹಿಡಿದು ನಿಮ್ಮ ಜೊತೆಗೇ ಸ್ವಲ್ಪ ವಾದ ಮಾಡುತ್ತೇನೆ. ನಾಲ್ಕನೆಯದನ್ನು ಎರಡು ಸಲ ಓದಿದೆ ಅಂದಿರಿ. ಅದೇನು ಓಡುವ ಪುಸ್ತಕವೇ? 1992ರಲ್ಲಿ ಬಂದ ‘ದಿ ಶ್ಯಾಡೋ ರೈಸಿಂಗ್’ ಸರಣಿಯ ದಪ್ಪ ಪುಸ್ತಕಗಳಲ್ಲಿ ಒಂದು. ಅದರಲ್ಲಿ ಕಥಾನಾಯಕ ರಾಂಡ್ ರುಯಿಡಿಯನ್ ಎಂಬ ಹಾಳೂರಿಗೆ ಹೋಗಿ ಗಾಜಿನ ಕಂಬಗಳ ನಡುವೆ ನಡೆಯುತ್ತಾನೆ, ನೆನಪಿದೆಯಾ? ಒಂದೊಂದು ಹೆಜ್ಜೆಗೂ ಒಬ್ಬೊಬ್ಬ ಪೂರ್ವಜನ ಕಣ್ಣು. ಮಗ, ಅಪ್ಪ, ಅಜ್ಜ ಅಂತ ಕಥೆ ಹಿಂದೆ ಹಿಂದೆ ಹೋಗುತ್ತದೆ. ಈಟಿ ಹಿಡಿದರೆ ಊರೇ ನಡುಗುವ ಐಯಲ್ ಜನ ಒಂದು ಕಾಲಕ್ಕೆ ಆಯುಧ ಮುಟ್ಟುವುದಿಲ್ಲ ಅಂತ ಪ್ರತಿಜ್ಞೆ ಮಾಡಿದ್ದವರು ಅಂತ ಅಲ್ಲಿ ತಿಳಿಯುತ್ತದೆ. ಅಷ್ಟು ಹೊತ್ತೂ ‘ಈಗಿನ’ ಕಥೆ ಎಳ್ಳಷ್ಟೂ ಮುಂದೆ ಹೋಗಿಲ್ಲ. ರಾಂಡ್ ನಾಲ್ಕು ಹೆಜ್ಜೆ ನಡೆದಿದ್ದಾನೆ, ಅಷ್ಟೇ. ನೀವು ಅದನ್ನೇ ಎರಡನೇ ಸಲ ಓದಿದಿರಿ.

ಹಾಗಾದರೆ ನಿಮ್ಮ ಕೋಪ ನಿಧಾನದ ಮೇಲಲ್ಲ.

ಇಲ್ಲಿ ನನ್ನದೊಂದು ಹಳೇ ಕಥೆ. ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ವಾರಪತ್ರಿಕೆಯ ಧಾರಾವಾಹಿ ನೋಡಿಕೊಳ್ಳುತ್ತಿದ್ದೆ. ಕಥಾನಾಯಕಿ ಗಂಡನ ಮನೆ ಬಿಟ್ಟು ತವರಿಗೆ ಹೋಗಲು ಬಸ್ಸು ಹತ್ತಿದಳು. ಮುಂದಿನ ವಾರ ಬಸ್ಸಿನಲ್ಲಿ ಕೂತು ಮದುವೆ ದಿನ ನೆನೆದಳು. ಅದರ ಮುಂದಿನ ವಾರ ಕಿಟಕಿಯಾಚೆ ಮಳೆ, ಜೊತೆಗೆ ಬಾಲ್ಯ. ನಾಲ್ಕನೇ ವಾರ ಒಂದು ಕಾರ್ಡು ಬಂತು: “ಬಸ್ಸು ಪಂಕ್ಚರ್ ಆಯಿತಾ ಸ್ವಾಮಿ? ಬೇಕಿದ್ದರೆ ನಾವೇ ಇಳಿದು ತಳ್ಳುತ್ತೇವೆ.” ಕಾದಂಬರಿಕಾರರಿಗೆ ಅದನ್ನು ಓದಿ ಹೇಳಿದೆ. ಅವರಿಗೆ ಬೇಜಾರಾಯಿತು. ಅವಳ ಮನಸ್ಸಿನೊಳಗೆ ಇಳಿಯಬೇಡವೇ ಅಂದರು. ನಮ್ಮ ಹಿರಿಯ ಸಂಪಾದಕರು ಎಲೆ ಅಡಿಕೆ ಮೆಲ್ಲುತ್ತಾ ಕೇಳಿಸಿಕೊಂಡು, “ಎಷ್ಟು ಬೇಕಾದರೂ ಇಳಿಯಲಿ ಮಾರಾಯ. ಬಸ್ಸು ಮಾತ್ರ ಓಡ್ತಾ ಇರಲಿ” ಅಂದರು.

ಹತ್ತನೇ ಪುಸ್ತಕದಲ್ಲಿ ಬಸ್ಸು ನಿಂತಿದೆ. ಎಲ್ಲಿ ನಿಂತಿತು ಅಂತ ಬೆರಳಿಟ್ಟು ತೋರಿಸಬಹುದು. ಒಂಬತ್ತನೆಯದರ ಕೊನೆಯಲ್ಲಿ ರಾಂಡ್ ಮತ್ತು ನೈನೀವ್ (ನೀವು ಹೇಳಿದ ಆ ಜಡೆಯವಳು) ಇಡೀ ಸರಣಿಯ ದೊಡ್ಡ ಕೆಲಸಗಳಲ್ಲಿ ಒಂದನ್ನು ಮುಗಿಸುತ್ತಾರೆ. ಗಂಡಸರ ಮಂತ್ರಶಕ್ತಿಗೆ ಅಂಟಿದ ವಿಷ ತೊಳೆದು ಹೋಗುತ್ತದೆ. ಇದು 2000ದಲ್ಲಿ. ಮುಂದೇನು ಅಂತ ಓದುಗರು 2003ರ ಜನವರಿವರೆಗೆ ಕಾದರು. ಪುಸ್ತಕ ಬಂತು, 600ಕ್ಕೂ ಜಾಸ್ತಿ ಪುಟ. ತೆರೆದರೆ ಬೇರೆ ಊರಿನಲ್ಲಿರುವ ಬೇರೆ ಪಾತ್ರಗಳು ಅದೇ ದಿನದ ಆಸುಪಾಸಿನಲ್ಲೇ ಇದ್ದಾರೆ. ರಾಂಡ್‌ನ ಗೆಳೆಯ ಪೆರಿನ್‌ನ ಕಡೆಯವರು ದೂರದ ಆ ಶಕ್ತಿಯ ಕಡೆ ನೋಡುತ್ತಾರೆ. ಎಲೇನ್ ಕಡೆಯವರಿಗೂ ಅದು ತಟ್ಟುತ್ತದೆ, ಎಗ್ವೇನ್ ಕಡೆಯವರಿಗೂ ತಟ್ಟುತ್ತದೆ. ಅದೇನಿರಬಹುದು ಅಂತ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ನಮಗೆ ಗೊತ್ತು! ಎರಡು ವರ್ಷದಿಂದ ಗೊತ್ತು! ಓದುಗನಿಗೆ ಗೊತ್ತಿರುವ ಸುದ್ದಿಯನ್ನು ಪಾತ್ರಗಳು ಊಹಿಸುತ್ತಾ ಕೂತರೆ ಸಸ್ಪೆನ್ಸ್ ಎಲ್ಲಿಂದ ಬರಬೇಕು? ರಾಂಡ್ ಅಂತೂ ಆ ಪುಸ್ತಕದಲ್ಲಿ ಮುಖ ತೋರಿಸಿ ಹೋಗುತ್ತಾನೆ, ಅಷ್ಟೇ.

ಜೋರ್ಡನ್‌ಗೆ ಬರೆಯಲು ಬರುತ್ತಿರಲಿಲ್ಲ ಅಂತ ಇದರರ್ಥವಲ್ಲ. ಲೆಕ್ಕ ತಪ್ಪಿತು. ಪ್ರಕಾಶಕರ ಜೊತೆ ಮೊದಲು ಆಗಿದ್ದ ಮಾತು ಆರು ಪುಸ್ತಕ. 1990ರಲ್ಲಿ ಮೊದಲನೆಯದು ಬಂದಾಗ ಹಳ್ಳಿಯಿಂದ ಹೊರಟವರು ಬೆರಳೆಣಿಕೆಯ ಜನ, ಒಂದೇ ದಾರಿ. ಹತ್ತನೆಯದರ ಹೊತ್ತಿಗೆ ಒಬ್ಬೊಬ್ಬರ ಹಿಂದೆ ಒಂದೊಂದು ಸೈನ್ಯ, ಒಂದೊಂದು ರಾಜಕೀಯ. ಎಲ್ಲರಿಗೂ ನೂರು ನೂರು ಪುಟ ಹಂಚಿದರೆ ಪುಸ್ತಕ ಮುಗಿದೇ ಹೋಯಿತು, ಯಾರೂ ಒಂದು ಹೆಜ್ಜೆಗಿಂತ ಜಾಸ್ತಿ ಇಟ್ಟಿರುವುದಿಲ್ಲ. ಹಾಗಂತ ಒಬ್ಬರನ್ನು ಬಿಟ್ಟರೂ ಕಷ್ಟ. ರಾಂಡ್‌ನ ಇನ್ನೊಬ್ಬ ಗೆಳೆಯ ಮ್ಯಾಟ್‌ನನ್ನು ನೋಡಿ. ಏಳನೇ ಪುಸ್ತಕದ ಕೊನೆಯಲ್ಲಿ ಅವನ ಮೇಲೆ ಗೋಡೆ ಬಿತ್ತು. ಅದು 1996. ಎಂಟನೆಯದರಲ್ಲಿ ಅವನ ಸುಳಿವೇ ಇಲ್ಲ. ಮತ್ತೆ ಕಂಡದ್ದು 2000ದಲ್ಲಿ. ನಾಲ್ಕು ವರ್ಷ ಆ ಹುಡುಗ ಗೋಡೆ ಕೆಳಗೇ ಇದ್ದ! ನೀವು ಒಂದೇ ವಾರದಲ್ಲಿ ಒಂದರಿಂದ ಇನ್ನೊಂದಕ್ಕೆ ಹಾರಿರಬಹುದು. ಆ ಮಟ್ಟಿಗೆ ನೀವು ಪುಣ್ಯವಂತರು.

ಕತ್ತರಿ ಹಾಕುವವರು ಇರಲಿಲ್ಲವೇ ಅಂತಲೂ ಕೇಳಿದ್ದೀರಿ. ಇದ್ದರು. ಅವರ ಹೆಂಡತಿ ಹ್ಯಾರಿಯೆಟ್ ಮೆಕ್‌ಡೂಗಲ್ ಅವರೇ ಎಡಿಟರ್. ಮನೆಯವರಾದ್ದರಿಂದ ಕತ್ತರಿ ಮೊಂಡಾಯಿತು ಅಂತ ಆಡಿಕೊಳ್ಳುವವರಿದ್ದಾರೆ. ನಾನು ಆ ಮಾತಿಗೆ ಸೇರುವುದಿಲ್ಲ. ಕತ್ತರಿಸಿ ಬಿಸಾಕಿದ ಪುಟ ಓದುಗರ ಕಣ್ಣಿಗೆ ಬೀಳುವುದಿಲ್ಲ, ಉಳಿದದ್ದಕ್ಕೆ ಮಾತ್ರ ನಾವು ಬೈಸಿಕೊಳ್ಳುತ್ತೇವೆ. ಇದು ನಮ್ಮ ಜಾತಿಯವರ ಹಣೆಬರಹ. ಇನ್ನೊಂದು, ಕೆಸರು ಅಂತ ನಾವು ಬೈಯುವ ಆ ಪುಸ್ತಕಗಳೇ ಅಮೆರಿಕದಲ್ಲಿ ಬಿಡುಗಡೆಯಾದ ಕೂಡಲೇ ಬೆಸ್ಟ್‌ಸೆಲ್ಲರ್ ಪಟ್ಟಿಯ ತುದಿಗೆ ಹೋಗಿ ಕೂತವು. ಹಾಲು ಕೊಡುವ ಹಸುವಿಗೆ ಬೇಗ ಬೇಗ ನಡಿ ಅಂತ ಯಾರು ಹೇಳುತ್ತಾರೆ?

ಈಗ “ಏನೂ ನಡೆಯಲಿಲ್ಲ” ಅನ್ನುವ ಮಾತಿಗೆ ಬರುತ್ತೇನೆ. ಅದೊಂದನ್ನು ಮಾತ್ರ ನಾನು ಪೂರ್ತಿ ಒಪ್ಪುವುದಿಲ್ಲ. ಹತ್ತನೇ ಪುಸ್ತಕವನ್ನು ನಾನು ಎರಡು ಸಲ ಓದಿದ್ದೇನೆ. ಮೊದಲ ಸಲ ಕಾದು ಕಾದು ಓದಿ ಗೋಡೆಗೆ ಎಸೆಯಬೇಕು ಅನ್ನಿಸಿತ್ತು. ಎರಡನೇ ಸಲ ಟೈಫಾಯ್ಡ್ ಬಂದು ಮಲಗಿದ್ದಾಗ, ಬೇರೇನೂ ಕೈಗೆ ಸಿಗದೆ. ಆಗ ಪೆರಿನ್ ಅಧ್ಯಾಯಗಳಲ್ಲಿ ಕಣ್ಣು ನಿಂತಿತು. ಅವನ ಜನ ದವಸ ಕೊಳ್ಳಲು ಸೋ ಹ್ಯಾಬರ್ ಅನ್ನುವ ಊರಿಗೆ ಹೋಗುತ್ತಾರೆ. ಕಾಳಿನ ತುಂಬ ಹುಳ. ಕೊಳಕು ಬಟ್ಟೆಯ, ಬೆಚ್ಚಿಬಿದ್ದ ಜನ. ಹುಳ ಬೇರೆ, ಕಾಳು ಬೇರೆ ಮಾಡುವ ಕೆಲಸ ನಡೆಯುತ್ತದೆ, ಯಾರೂ ಏನನ್ನೂ ಬಾಯಿಬಿಟ್ಟು ಹೇಳುವುದಿಲ್ಲ. ಸತ್ತವರು ಆ ಊರಲ್ಲಿ ಓಡಾಡುತ್ತಿದ್ದಾರೆ ಅಂತ ಆಮೇಲೆ ಗೊತ್ತಾಗುತ್ತದೆ. ಜ್ವರದಲ್ಲಿ ಓದಿದ್ದಕ್ಕೋ ಏನೋ, ಇವತ್ತಿಗೂ ಅಕ್ಕಿಯಲ್ಲಿ ಹುಳ ಕಂಡರೆ ಆ ಊರು ನೆನಪಾಗುತ್ತದೆ.

ಇನ್ನೊಂದು, ಆ ಕೊಡಲಿ. ಮೊದಲ ಪುಸ್ತಕದಲ್ಲಿ ತೋಳಗಳ ಜೊತೆ ಬದುಕುವ ಎಲಿಯಾಸ್ ಪೆರಿನ್‌ಗೆ ಒಂದು ಮಾತು ಹೇಳಿರುತ್ತಾನೆ. ಈ ಕೊಡಲಿ ಕಂಡರೆ ನಿನಗೆ ಅಸಹ್ಯ ಇರುವವರೆಗೂ ಇಟ್ಟುಕೋ, ಅಸಹ್ಯ ಹೋದ ದಿನ ದೂರ ಎಸೆದು ಓಡಿಬಿಡು ಅಂತ. ಹತ್ತನೆಯದರಲ್ಲಿ ಹೆಂಡತಿ ಫಾಯೀಲ್ ಎಲ್ಲಿದ್ದಾಳೆ ಅಂತ ಬಾಯಿಬಿಡಿಸಲು ಪೆರಿನ್ ಒಬ್ಬ ಕೈದಿಯ ಕೈಯನ್ನು ಅದೇ ಕೊಡಲಿಯಿಂದ ಕಡಿಯುತ್ತಾನೆ. ಆಮೇಲೆ ಕೊಡಲಿ ಬಿಟ್ಟು ನಡೆಯುತ್ತಾನೆ. 1990ರಲ್ಲಿ ಹೇಳಿದ ಮಾತು 2003ರಲ್ಲಿ ಬಂದು ತಾಗಿತು. ಇಷ್ಟು ಉದ್ದದ ಕಥೆಯಲ್ಲದೆ ಬೇರೆ ಎಲ್ಲೂ ಈ ಏಟು ಹಾಕಲು ಆಗುವುದಿಲ್ಲ. ಅದರ ಆಚೀಚೆ ಅಷ್ಟೊಂದು ಡೇರೆ, ಅಷ್ಟೊಂದು ಚಹಾ ಬೇಕಿತ್ತಾ ಅಂದರೆ, ಬೇಕಿರಲಿಲ್ಲ. ನಾನಾಗಿದ್ದರೆ ಮೂರನೇ ಒಂದು ಭಾಗ ತೆಗೆಯುತ್ತಿದ್ದೆ. ಎಲೇನ್ ಸ್ನಾನದಿಂದ ಶುರು ಮಾಡುತ್ತಿದ್ದೆ.

ನಿಮ್ಮ ಯಕ್ಷಗಾನದ ಮಾತು ನನಗೆ ಇಷ್ಟವಾಯಿತು. ಆದರೆ ಅದನ್ನೇ ತಿರುಗಿಸಿ ಹೇಳುತ್ತೇನೆ. ರಾತ್ರಿಯಿಡೀ ಆಟ ನಡೆಯುವ ಕಡೆ ಎಲ್ಲರೂ ಬೆಳಗಿನವರೆಗೆ ಕಣ್ಣು ಬಿಟ್ಟುಕೊಂಡೇ ಕೂತಿರುತ್ತಾರಾ? ಒಡ್ಡೋಲಗ ಎಳೆದರೆ ಎದ್ದು ಹೋಗಿ ಚಹಾ ಕುಡಿಯುತ್ತಾರೆ. ಮಕ್ಕಳು ಚಾಪೆ ಮೇಲೆ ಮಲಗಿ ಚಂಡೆಯ ಸದ್ದಿಗೆ ಎದ್ದು ಕೂರುತ್ತಾರೆ. ಅವರನ್ನು ಯಾರೂ ಆಟ ನೋಡದವರು ಅನ್ನುವುದಿಲ್ಲ. 40 ಲಕ್ಷಕ್ಕೂ ಜಾಸ್ತಿ ಪದಗಳ ಕಥೆಯನ್ನು ಒಂದಕ್ಷರ ಬಿಡದೆ ಓದಬೇಕು ಅಂತ ಹಟ ಮಾಡಿದ್ದು ನೀವು, ಜೋರ್ಡನ್ ಅಲ್ಲ.

ಹಾಗಾಗಿ ನನ್ನ ಉತ್ತರ: ನಿಲ್ಲಿಸಬೇಡಿ. 2005ರ ‘ನೈಫ್ ಆಫ್ ಡ್ರೀಮ್ಸ್’, ಅಂದರೆ ಹನ್ನೊಂದನೆಯದು, ಬೇರೆಯೇ ಗಾಳಿ. ಕಟ್ಟಿದ್ದ ಗಂಟುಗಳನ್ನೆಲ್ಲ ಬಿಚ್ಚುತ್ತಾ ಹೋಗುತ್ತದೆ. ಎಂಟನೇ ಪುಸ್ತಕದಿಂದ, ಅಂದರೆ 1998ರಿಂದ, ಸೆರೆಯಲ್ಲಿರುವ ಫಾಯೀಲ್ ವಿಷಯವೂ ಅಲ್ಲಿ ಇತ್ಯರ್ಥವಾಗುತ್ತದೆ. ಹೇಗೆ ಅಂತ ಹೇಳುವುದಿಲ್ಲ. ಎಲೇನ್‌ಳ ಸಿಂಹಾಸನದ ಅಧ್ಯಾಯಗಳ ಮೇಲೆ ಸುಮ್ನೆ ಕಣ್ಣಾಡಿಸಿ ಮುಂದೆ ಹೋದರೆ ನನ್ನ ಆಕ್ಷೇಪ ಇಲ್ಲ.

ಜೋರ್ಡನ್ ಬದುಕಿದ್ದಾಗ ಮುಗಿಸಿದ ಸರಣಿಯ ಕೊನೆಯ ಪುಸ್ತಕ ಅದು. 2007ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. 58 ವರ್ಷ. ಟಿಪ್ಪಣಿಗಳನ್ನೂ ಕಥೆಯ ಕಟ್ಟಕಡೆಯ ದೃಶ್ಯವನ್ನೂ ಬಿಟ್ಟು ಹೋಗಿದ್ದರು. ಹ್ಯಾರಿಯೆಟ್ ಅವರು ಬ್ರ್ಯಾಂಡನ್ ಸ್ಯಾಂಡರ್‌ಸನ್ ಅನ್ನುವ ಯುವ ಲೇಖಕನನ್ನು ಹುಡುಕಿ ಒಪ್ಪಿಸಿದರು. ಒಂದೇ ಪುಸ್ತಕ ಅಂತ ಇದ್ದದ್ದು ಮೂರಾಗಿ, 2013ರ ಜನವರಿಯಲ್ಲಿ ಮುಗಿಯಿತು. ಆ ಮೂರರಲ್ಲಿ ಬಸ್ಸು ನಿಲ್ಲುವುದಿರಲಿ, ಕೆಲವು ಕಡೆ ಸ್ವಲ್ಪ ನಿಧಾನ ಮಾಡಿ ಅನ್ನಿಸುತ್ತದೆ. ನೀವು ಬೈದ ಆ ಜಡೆಗೂ ಹದಿಮೂರನೆಯದರಲ್ಲಿ ಒಂದು ಗತಿ ಕಾಣುತ್ತದೆ. ಆಗ ನಿಮಗೆ ಅಯ್ಯೋ ಅನ್ನಿಸದಿದ್ದರೆ ಇನ್ನೊಂದು ಪತ್ರ ಬರೆಯಿರಿ, ಪೂರ್ತಿ ಹಾಕುತ್ತೇನೆ.

ಹನ್ನೊಂದನೆಯದನ್ನು ದುಡ್ಡು ಕೊಟ್ಟು ತರಬೇಡಿ. ನಮ್ಮ ಲೇಖನದಿಂದ ಆದ ಖರ್ಚೇ ಸಾಕು. ನನ್ನ ಪ್ರತಿ ಕಚೇರಿಯಲ್ಲಿದೆ, ನಾಳೆ ಅಂಚೆಗೆ ಹಾಕಿಸುತ್ತೇನೆ. ಹಳೇ ಪುಸ್ತಕ, ಬೈಂಡಿಂಗ್ ಬಿಟ್ಟಿದೆ, ಮಧ್ಯದ ಹಾಳೆಗಳು ಉದುರೀತು, ಜೋಪಾನ. ಓದಿ ಆದಮೇಲೆ ವಾಪಸ್ ಕಳಿಸಿ. ಹನ್ನೆರಡನೆಯದನ್ನು ಒಬ್ಬರಿಗೆ ಕೊಟ್ಟು ಆರು ವರ್ಷ ಆಯಿತು, ಇನ್ನೂ ಬಂದಿಲ್ಲ.

— ಸಂಪಾದಕ