ನನ್ನ ಮಂಡೆ ನೇರ ಮಾಡಲೇಬೇಕಂತೆ!

ಪ್ರಶ್ನೆ: ಅಕ್ಕಾ, ನನಗೆ 24 ವರ್ಷ. ಬದಿಯಡ್ಕದ ಹತ್ತಿರ ಮನೆ, ಕೆಲಸ ಕಾಸರಗೋಡು ಪೇಟೆಯಲ್ಲಿ. ನನ್ನದು ಸಾಮಾನ್ಯ ಗುಂಗುರು ಕೂದಲಲ್ಲ, ಪೆನ್ನಿನ ಸ್ಪ್ರಿಂಗಿನ ಹಾಗೆ ಬಿಗಿಯಾಗಿ ಸುತ್ತುವ ಕೂದಲು. ಅಪ್ಪನ ಅಮ್ಮನಿಗೂ ಹೀಗೇ ಇತ್ತಂತೆ. ಶಾಲೆಗೆ ಹೋಗುವಾಗ ಅಮ್ಮ ಎಣ್ಣೆ ಮೆತ್ತಿ, ಹುಬ್ಬು ಮೇಲೇರುವಷ್ಟು ಬಿಗಿಯಾಗಿ ಎರಡು ಜಡೆ ಹಾಕುತ್ತಿದ್ದರು. ಡಿಗ್ರಿಯಲ್ಲಿರುವಾಗ ಅಮ್ಮನೇ ದುಡ್ಡು ಕೊಟ್ಟು ಮಂಗಳೂರಿನ ಒಂದು ಪಾರ್ಲರಿನಲ್ಲಿ ಸ್ಮೂತನಿಂಗ್ ಮಾಡಿಸಿದರು. ಆಗ ಚೆಂದ ಕಂಡಿತು. ಆಮೇಲೆ ತುಂಡಾಗಿ ಉದುರತೊಡಗಿತು, ಬುಡದಿಂದ ಮತ್ತೆ ಸುರುಳಿಯೇ ಬಂತು. ಈಗ ಮೇಲೆ ಸುರುಳಿ, ಕೆಳಗೆ ನೇರ. ಇನ್ನು ಏನೂ ಮಾಡಿಸುವುದಿಲ್ಲ, ಇದ್ದ ಹಾಗೇ ಬಿಡುತ್ತೇನೆ ಅಂದದ್ದಕ್ಕೆ ಮನೆಯಲ್ಲಿ ದೊಡ್ಡ ಗಲಾಟೆ. ನನಗೆ ಸಂಬಂಧ ನೋಡುತ್ತಿದ್ದಾರೆ. "ಹುಡುಗನ ಕಡೆಯವರ ಎದುರು ಈ ಕಾಗೆ ಗೂಡು ಹೊತ್ತುಕೊಂಡು ಕೂರುತ್ತೀಯಾ?" ಅಂತ ದೊಡ್ಡಮ್ಮ. "ಮದುವೆ ಒಂದು ಆಗಲಿ, ಆಮೇಲೆ ಏನಾದರೂ ಮಾಡಿಕೋ" ಅಂತ ಅಮ್ಮ. ಅಪ್ಪ ಪೇಪರ್ ಓದುತ್ತಾರೆ. ನಾನು ಹಠ ಮಾಡುವುದು ತಪ್ಪಾ? ಇನ್ನೊಂದು ವಿಷಯ, ಈ ಕೂದಲನ್ನು ಹೇಗೆ ನೋಡಿಕೊಳ್ಳಬೇಕು ಅಂತ ನನಗೇ ಸರಿಯಾಗಿ ಗೊತ್ತಿಲ್ಲ.
– ಹೆಸರು ಬೇಡ, ಬದಿಯಡ್ಕ

ಉತ್ತರ: ತಪ್ಪೇನೂ ಇಲ್ಲ ತಂಗೀ. ಆದರೆ ಮೊದಲು ಅಮ್ಮನ ಮಾತನ್ನೇ ತೆಗೆದುಕೊಳ್ಳೋಣ, ಯಾಕೆಂದರೆ ಕೇಳಲಿಕ್ಕೆ ಅದು ತುಂಬ ಸಮಾಧಾನದ ಮಾತು. ಮದುವೆ ಆಗಲಿ, ಆಮೇಲೆ ನಿನ್ನಿಷ್ಟ. ಸರಿ, ಈಗ ನೇರ ಮಾಡಿಸಿಕೊಂಡು ಕೂತೆ ಅಂತಿಟ್ಟುಕೋ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ನಿಶ್ಚಯ ಆಗಿ ಮದುವೆ ಮುಗಿಯುವ ಹೊತ್ತಿಗೆ ಬುಡದಲ್ಲಿ ಮೂರು ನಾಲ್ಕು ಬೆರಳು ಸುರುಳಿ ಎದ್ದು ನಿಂತಿರುತ್ತದೆ. ಆಗ ಗಂಡನ ಮನೆಯಲ್ಲಿ ಕೂತು ಇದನ್ನೇ ಇನ್ನೊಂದು ಸಲ ಶುರುವಿನಿಂದ ಹೇಳಬೇಕು, ಇಲ್ಲವಾದರೆ ಜೀವನ ಪೂರ್ತಿ ಆರೆಂಟು ತಿಂಗಳಿಗೊಮ್ಮೆ ಪಾರ್ಲರಿಗೆ ದುಡ್ಡು ಸುರಿಯಬೇಕು. ನೋಡಲು ಬರುವವರು ನಾಳೆ ತಮ್ಮ ಮನೆಯಲ್ಲಿ ಓಡಾಡಲಿರುವ ಹುಡುಗಿಯನ್ನೇ ನೋಡಲಿ, ಅಲ್ವಾ? ಕೂದಲು ನೋಡಿ ಬೇಡ ಅನ್ನುವವರಿದ್ದರೆ ಅದು ಮೊದಲೇ ಗೊತ್ತಾಗುವುದು ಲಾಭವೇ. ಅಮ್ಮನ ಹತ್ತಿರ ಈ ಲೆಕ್ಕವನ್ನೇ ಮಾತಾಡು. ಸ್ವಾತಂತ್ರ್ಯ, ಹಕ್ಕು ಅಂತ ಶುರು ಮಾಡಿದರೆ ಅವರು ಎದ್ದು ಅಡುಗೆಮನೆಗೆ ಹೋಗುತ್ತಾರೆ. ಲೆಕ್ಕ ಹೇಳಿದರೆ ಕೂತು ಕೇಳುತ್ತಾರೆ.

ಇನ್ನು ಪಾರ್ಲರಿನ ವಿಷಯ. ಕೂದಲು ನೇರ ಆಗುವುದೋ ಸುತ್ತುವುದೋ ಅನ್ನುವುದು ಚರ್ಮದೊಳಗೆ ಅದು ಹುಟ್ಟುವ ಗುಣಿಯ ಆಕಾರದಲ್ಲೇ ತೀರ್ಮಾನ ಆಗಿರುತ್ತದೆ. ಗುಣಿ ಬಾಗಿದ್ದರೆ ಕೂದಲೂ ಬಾಗಿಯೇ ಹೊರಗೆ ಬರುತ್ತದೆ. ಅಜ್ಜಿಯಿಂದ ನಿನಗೆ ಬಂದದ್ದು ಆ ಗುಣಿ. ಸ್ಮೂತನಿಂಗ್, ರಿಬಾಂಡಿಂಗ್ ಎಲ್ಲ ಮಾಡುವುದು ಹೊರಗಿರುವ ಕೂದಲಿಗೆ ಮಾತ್ರ. ಕೂದಲಿನ ಕೆರಾಟಿನ್ ಅನ್ನುವ ಪ್ರೊಟೀನಿನ ಒಳಗಿನ ಗಂಧಕದ ಬಂಧಗಳನ್ನು ಔಷಧಿ ಹಾಕಿ ಮುರಿದು, ನೇರಕ್ಕೆ ಎಳೆದು, ಮತ್ತೆ ಕೂಡಿಸುತ್ತಾರೆ. ಎಲ್ಲ ಬಂಧಗಳೂ ಮೊದಲಿನ ಹಾಗೆ ಕೂಡುವುದಿಲ್ಲ, ಅದಕ್ಕೇ ನಿನ್ನದು ತುಂಡಾದದ್ದು. ಕೆರಾಟಿನ್ ಟ್ರೀಟ್‌ಮೆಂಟ್ ಅಂತ ಮಾಡುವ ಕೆಲವು ಬಗೆಯಲ್ಲಿ ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಆವಿ ಏಳುತ್ತದೆ, ಕಣ್ಣು ಉರಿಯುವುದು ಅದರಿಂದಲೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಅಮೆರಿಕದಲ್ಲಿ 33 ಸಾವಿರಕ್ಕೂ ಜಾಸ್ತಿ ಹೆಂಗಸರನ್ನು ಸುಮಾರು 11 ವರ್ಷ ಗಮನಿಸಿದ ಒಂದು ಸರ್ಕಾರಿ ಅಧ್ಯಯನ 2022ರಲ್ಲಿ ಹೊರಗೆ ಬಂತು. ಕೂದಲು ನೇರ ಮಾಡುವ ರಾಸಾಯನಿಕ ಯಾವತ್ತೂ ಹಚ್ಚದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಶೇ 1.64 ಇದ್ದರೆ, ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಹಚ್ಚುವವರಲ್ಲಿ ಶೇ 4.05 ಅಂತ ಅದರ ಅಂದಾಜು. ಕಾರಣ ಇದೇ ಅಂತ ಅವರು ಸಾಬೀತು ಮಾಡಿಲ್ಲ, ಎರಡಕ್ಕೂ ಸಂಬಂಧ ಕಂಡಿದೆ ಅಷ್ಟೇ. ನೀನು ಒಮ್ಮೆ ಮಾಡಿಸಿದ್ದಕ್ಕೆ ರಾತ್ರಿ ನಿದ್ದೆ ಬಿಡಬೇಕಾಗಿಲ್ಲ. ಆದರೆ "ಒಂದು ಸಲ ಮಾಡಿಸಿದರೆ ಏನಾಗುತ್ತದೆ" ಅನ್ನುವ ದೊಡ್ಡಮ್ಮನಿಗೆ ಇದು ಒಂದೇ ಸಲಕ್ಕೆ ಮುಗಿಯುವ ಸಂಗತಿ ಅಲ್ಲ ಅಂತ ಹೇಳಬಹುದು.

ಹಾಗಾದರೆ ಬಿಸಿ ಇಸ್ತ್ರಿ ಎಳೆದರೆ ಸಾಕು ಅಂತ ಯಾರಾದರೂ ಹೇಳುತ್ತಾರೆ. ನಮ್ಮ ಊರಿನ ಮಳೆಗಾಲದಲ್ಲಾ! ಬಿಸಿಯಿಂದ ನೇರ ಆದ ಕೂದಲು ನೀರು ತಾಗಿದ ಕೂಡಲೇ ಹಳೇ ಆಕಾರಕ್ಕೆ ಹೋಗುತ್ತದೆ, ಗಾಳಿಯಲ್ಲಿರುವ ತೇವವೇ ಅದಕ್ಕೆ ಸಾಕು. ಜೂನ್ ತಿಂಗಳಲ್ಲಿ ಬೆಳಿಗ್ಗೆ ಎಳೆದು ಹೊರಟವಳ ಮಂಡೆ ಬಸ್ಸು ಕಾಸರಗೋಡು ತಲುಪುವಾಗ ಉಬ್ಬಿರುತ್ತದೆ.

ಈಗ ನೋಡಿಕೊಳ್ಳುವ ಕ್ರಮ. ಇದನ್ನು ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಯಾಕೆಂದರೆ ಮನೆಯವರು "ಗಲೀಜು" ಅನ್ನುವುದರಲ್ಲಿ ಅರ್ಧಕ್ಕರ್ಧ ನೇರ ಕೂದಲಿನ ಕ್ರಮವನ್ನು ಸುರುಳಿ ಕೂದಲಿಗೆ ಮಾಡುವುದರಿಂದ ಬರುವಂಥದ್ದು. ನೆತ್ತಿಯಲ್ಲಿ ಒಸರುವ ಜಿಡ್ಡು ನೇರ ಕೂದಲಿನಲ್ಲಿ ಸಲೀಸಾಗಿ ತುದಿವರೆಗೆ ಇಳಿಯುತ್ತದೆ. ನಿನ್ನದರಲ್ಲಿ ಪ್ರತಿ ಸುತ್ತಿನಲ್ಲೂ ನಿಲ್ಲುತ್ತದೆ. ಹಾಗಾಗಿ ನೆತ್ತಿ ಜಿಡ್ಡು, ತುದಿ ಒಣಕಲು. ಅದಕ್ಕೆ ದಿನಾ ಶಾಂಪೂ ಬೇಡ, ವಾರಕ್ಕೊಮ್ಮೆ ಸಾಕು, ತುಂಬ ಬೆವರುವ ಕಾಲದಲ್ಲಿ ಎರಡು ಸಲ. ಒಣ ಕೂದಲಿಗೆ ಬಾಚಣಿಗೆ ತಾಗಿಸಲೇಬೇಡ. ಒದ್ದೆ ಮಾಡಿ, ಕಂಡೀಷನರ್ ಹಚ್ಚಿ, ಹಲ್ಲು ಅಗಲ ಇರುವ ಬಾಚಣಿಗೆಯಿಂದ ತುದಿಯಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಬುಡದ ಕಡೆಗೆ ಹೋಗು. ಮೊದಲ ಕೆಲವು ಸಲ ಕೈ ಸೋಲುತ್ತದೆ. ಭಾನುವಾರ ಮಾಡು.

ಕಂಡೀಷನರಿಗೆ ದುಡ್ಡು ಯಾಕೆ ಅಂತ ಅಮ್ಮ ಕೇಳಿದರೆ ಹಿತ್ತಿಲಿಗೆ ಹೋಗಿ ದಾಸವಾಳದ ಸೊಪ್ಪು ಕೊಯ್ದು ತಾ. ನಮ್ಮ ಅಜ್ಜಿಯಂದಿರು ಹಾಕುತ್ತಿದ್ದ ಗೊಂಪು ಈ ಕೂದಲಿಗೆ ಹೇಳಿ ಮಾಡಿಸಿದ್ದು. ಸೊಪ್ಪನ್ನು ನೀರಿನಲ್ಲಿ ಕಿವುಚಿದರೆ ಬರುವ ಲೋಳೆ ಕೂದಲೆಳೆಗಳನ್ನು ಜಾರುವ ಹಾಗೆ ಮಾಡುತ್ತದೆ, ಗಂಟು ತಾನಾಗಿ ಸಡಿಲ ಆಗುತ್ತದೆ. ಬಟ್ಟೆಯಲ್ಲಿ ಚೆನ್ನಾಗಿ ಸೋಸು, ಇಲ್ಲದಿದ್ದರೆ ಸುರುಳಿಯೊಳಗೆ ಸಿಕ್ಕಿದ ಸೊಪ್ಪಿನ ಚೂರು ಹೆಕ್ಕುವುದರಲ್ಲಿ ಮಧ್ಯಾಹ್ನ ಆಗುತ್ತದೆ. ತೆಂಗಿನೆಣ್ಣೆ ಖಂಡಿತಾ ಬೇಕು, ಆದರೆ ಸ್ನಾನಕ್ಕೆ ಮೊದಲು. ಅದು ಕೂದಲಿನ ಒಳಗೆ ಇಳಿದು, ತೊಳೆಯುವಾಗ ಪ್ರೊಟೀನು ಸೋರಿ ಹೋಗುವುದನ್ನು ಕಡಿಮೆ ಮಾಡುತ್ತದೆ. ಸೂರ್ಯಕಾಂತಿ ಎಣ್ಣೆಯೂ ಮಿನರಲ್ ಆಯಿಲೂ ಅಷ್ಟು ಕೆಲಸ ಮಾಡುವುದಿಲ್ಲ ಅಂತ ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಹಾಗಂತ ಸುರುಳಿ ಮಲಗಲಿ ಅಂತ ಎಣ್ಣೆ ಮೆತ್ತಿ ಪೇಟೆಗೆ ಹೋದರೆ ಧೂಳು ಕೂರುತ್ತದೆ ಅಷ್ಟೇ.

ತಲೆ ಒರೆಸಲು ಒರಟು ಬೈರಾಸು ಬೇಡ, ಅಪ್ಪನ ಹಳೇ ಹತ್ತಿ ಪಂಚೆ ಒಳ್ಳೆಯದು. ಉಜ್ಜಬೇಡ, ಒತ್ತು. ಆಮೇಲೆ ಮುಟ್ಟದೆ ಒಣಗಲು ಬಿಡು. ಮಳೆ ಜೋರಿರುವ ಆಟಿ ತಿಂಗಳಿನಲ್ಲಿ ಇದೇ ದೊಡ್ಡ ತಲೆನೋವು, ಗಂಟೆಗಟ್ಟಲೆ ಒಣಗುವುದಿಲ್ಲ. ಫ್ಯಾನಿನ ಕೆಳಗೆ ಕೂರು, ಡ್ರೈಯರ್ ಇದ್ದರೆ ತಣ್ಣನೆ ಗಾಳಿಯಲ್ಲಿ ಹಿಡಿ. ಒದ್ದೆ ಇರುವಾಗ ಕಟ್ಟಿದರೆ ವಾಸನೆ, ಹೊಟ್ಟು ಎರಡೂ ಬರುತ್ತದೆ, ಮನೆಯವರಿಗೆ ಮಾತಾಡಲು ಇನ್ನೊಂದು ಸಿಕ್ಕಿದ ಹಾಗಾಗುತ್ತದೆ.

ನೇರ ಇರುವ ಕೆಳಭಾಗ ಮತ್ತೆ ಸುತ್ತುವುದಿಲ್ಲ, ಅದನ್ನು ಕತ್ತರಿಸಲೇಬೇಕು. ಒಂದೇ ಸಲ ಧೈರ್ಯ ಬಾರದಿದ್ದರೆ ಎರಡು ತಿಂಗಳಿಗೊಮ್ಮೆ ಎರಡು ಬೆರಳು. ಸುರುಳಿಯೂ ನೇರವೂ ಸೇರುವ ಜಾಗ ತುಂಬ ಸೂಕ್ಷ್ಮ, ಅಲ್ಲಿ ಎಳೆಯಬೇಡ. ಒಣಗಿದ ಮೇಲೆ ಕೂದಲು ಅರ್ಧಕ್ಕೆ ಅರ್ಧ ಗಿಡ್ಡ ಕಾಣುವುದು ಸಹಜ, ಬೆಳೆದಿಲ್ಲ ಅಂತಲ್ಲ. ಒಂದು ಎಳೆ ಹಿಡಿದು ಎಳೆದು ತೋರಿಸು ಅಮ್ಮನಿಗೆ. ಮತ್ತೆ ಯೂಟ್ಯೂಬಿನಲ್ಲಿ ಹುಡುಕುವುದಾದರೆ 3ಸಿ, 4ಎ, 4ಬಿ ಅಂತೆಲ್ಲ ಹೇಳುತ್ತಾರೆ. ಮೂರು ಅಂದರೆ ಗುಂಗುರು, ನಾಲ್ಕು ಅಂದರೆ ಬಿಗಿ ಸುರುಳಿ, ಎಯಿಂದ ಸಿಗೆ ಹೋದ ಹಾಗೆ ಇನ್ನೂ ಬಿಗಿ. ನೀನು ನಾಲ್ಕರ ವೀಡಿಯೊ ನೋಡು. ಅವುಗಳಲ್ಲಿ ಜಾಸ್ತಿ ಆಫ್ರಿಕನ್ ಮೂಲದ ಹೆಂಗಸರು ಮಾಡಿದ್ದು, ಈ ಕೂದಲಿನ ವಿದ್ಯೆಯಲ್ಲಿ ಅವರಷ್ಟು ಕಲಿತವರು ಇಲ್ಲ.

ಅಲ್ಲೇ ಒಂದು ಕಹಿ ಮಾತೂ ಇದೆ. ನಿತ್ಯಾ ಮೆನನ್, ಅನುಪಮಾ ಪರಮೇಶ್ವರನ್ ಟಿವಿಯಲ್ಲಿ ಬಂದರೆ ಎಂಥ ಚೆಂದ ಮುಡಿ ಅನ್ನುವ ಮನೆಯಲ್ಲೇ ನಿನ್ನದು ಕಾಗೆ ಗೂಡು. ಅವರದ್ದು ಸಡಿಲ ಗುಂಗುರು, ಅದಕ್ಕೆ ಈಗ ಮಾರ್ಕೆಟ್ ಇದೆ. ಬಿಗಿ ಸುರುಳಿ ಕಂಡರೆ ಮೂಗು ಮುರಿಯುವುದರ ಹಿಂದೆ ಬಣ್ಣದ, ಜಾತಿಯ, ಯಾರ ಹಾಗೆ ಕಾಣುತ್ತಾಳೆ ಅನ್ನುವ ಲೆಕ್ಕಾಚಾರ ಇರುತ್ತದೆ, ಬಾಯಿ ಬಿಟ್ಟು ಯಾರೂ ಹೇಳುವುದಿಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆ ಕನ್ನಡ, ಕೊಂಕಣಿ ಮಾತಾಡುವ, ಆಫ್ರಿಕನ್ ಮೂಲದ ಸಿದ್ದಿ ಜನರದ್ದೂ ಇದೇ ಕೂದಲು. ತಲೆತಲಾಂತರದಿಂದ ಇಲ್ಲೇ ಇದ್ದರೂ ಅದನ್ನೇ ನೋಡಿ ಅವರನ್ನು ಯಾವ ದೇಶ ಅಂತ ಕೇಳುವವರಿದ್ದಾರೆ. ಹಾಗೆ ನೋಡಿದರೆ ಶ್ರವಣಬೆಳಗೊಳದ ಗೊಮ್ಮಟನ ತಲೆಯ ತುಂಬ ಸಣ್ಣ ಸಣ್ಣ ಸುರುಳಿಗಳೇ. ಅಲ್ಲಿ ಎಲ್ಲರೂ ಕೈ ಮುಗಿಯುತ್ತಾರೆ. ದೊಡ್ಡಮ್ಮ ಹೋಗಿದ್ದಾರಾ ಕೇಳು.

ದೊಡ್ಡಮ್ಮನ ಜೊತೆ ವಾದ ಮಾಡಿ ಗೆಲ್ಲುವ ಆಸೆ ಬೇಡ. ಅವರದ್ದು ಕುಚೋದ್ಯ, ಅಮ್ಮನದ್ದು ಹೆದರಿಕೆ, ಎರಡಕ್ಕೂ ಒಂದೇ ಉತ್ತರ ಕೊಟ್ಟರೆ ಅಮ್ಮನಿಗೆ ಬೇಜಾರಾಗುತ್ತದೆ. ಅವರು ದುಡ್ಡು ಕೊಟ್ಟು ಸ್ಮೂತನಿಂಗ್ ಮಾಡಿಸಿದ್ದು ನಿನ್ನ ಮೇಲಿನ ಸಿಟ್ಟಿಗಲ್ಲ, ಜನ ನಿನ್ನನ್ನು ಆಡಿಕೊಳ್ಳಬಾರದು ಅಂತ. ಒಂದು ಭಾನುವಾರ ಗೊಂಪು ಹಾಕಲು ಅವರನ್ನೇ ಕರೆ. ಕೈಗೆ ಆ ಕೂದಲು ಮೆತ್ತಗೆ ಸಿಕ್ಕಿದರೆ ಮಾತೂ ಸ್ವಲ್ಪ ಮೆತ್ತಗಾಗಬಹುದು, ಆಗದೆಯೂ ಇರಬಹುದು. ಅವರ ಒಪ್ಪಿಗೆ ಬರುವ ತನಕ ಕಾಯುತ್ತಾ ಕೂರಬೇಡ, ನಿನ್ನ ಕೆಲಸ ನೀನು ಮಾಡು. ಅಪ್ಪನ ಪೇಪರ್ ಮಾತ್ರ ಒಮ್ಮೆ ಕೆಳಗಿಡಿಸು. ಅವರ ಅಮ್ಮನ ಕೂದಲಿನ ಬಗ್ಗೆ ಮನೆಯಲ್ಲಿ ದಿನಾ ತಮಾಷೆ ನಡೆಯುವಾಗ ಅವರು ಒಂದು ಮಾತು ಹೇಳಲೇಬೇಕು. ಅಜ್ಜಿಯ ಹಳೇ ಫೋಟೊ ಇದ್ದರೆ ಅವರ ಹತ್ತಿರವೇ ಕೇಳಿ ತೆಗೆಸು.

ಹುಡುಗನ ಕಡೆಯವರು ಬರುವ ದಿನ ಬಿಟ್ಟುಕೊಂಡೇ ಕೂರಬೇಕು ಅಂತ ನಾನು ಹೇಳುವುದಿಲ್ಲ. ನಿನಗೆ ತುರುಬು ಕಟ್ಟಿ ಒಂದು ಚೆಂಡು ಮಲ್ಲಿಗೆ ಸುತ್ತುವುದು ಇಷ್ಟವಾದರೆ ಹಾಗೇ ಮಾಡು, ಸುರುಳಿ ಕೂದಲಿನ ತುರುಬಿನಿಂದ ಹೂ ಜಾರುವುದೂ ಇಲ್ಲ. ಮುಂದೆ ಯಾವತ್ತೋ ನಿನಗೇ ನೇರ ಕೂದಲು ಬೇಕು ಅನ್ನಿಸಿದರೆ ಅದೂ ಅಪರಾಧ ಅಲ್ಲ. ಬೇರೆಯವರ ಹೆದರಿಕೆಗೆ ಮಾತ್ರ ಬೇಡ.

ಪ್ರಶ್ನೆ: ನನ್ನ ಮಗಳಿಗೆ ಆರು ವರ್ಷ, ತುಂಬ ಗುಂಗುರು. ಬೆಳಿಗ್ಗೆ ಶಾಲೆಗೆ ಹೊರಡಿಸುವಾಗ ದಿನಾ ಅಳು. ಅತ್ತೆ ಹೇಳುತ್ತಾರೆ, ಒಮ್ಮೆ ಬೋಳಿಸಿದರೆ ನೇರ ಕೂದಲು ಬರುತ್ತದೆ ಅಂತ. ನಿಜವಾ?
– ಒಬ್ಬ ಅಮ್ಮ, ಮಂಜೇಶ್ವರ

ಉತ್ತರ: ಇಲ್ಲ. ಬೋಳಿಸಿದರೆ ಚರ್ಮದೊಳಗಿನ ಗುಣಿ ಬದಲಾಗುವುದಿಲ್ಲ, ಬರುವುದು ಅದೇ ಕೂದಲು. ಚಿಕ್ಕ ಮಕ್ಕಳ ಕೂದಲು ದೊಡ್ಡವರಾಗುವಾಗ ತಾನಾಗಿ ಬದಲಾಗುವುದುಂಟು, ಅದೇ ಹೊತ್ತಿಗೆ ಬೋಳಿಸಿದ್ದರೆ ಕತ್ತಿಗೆ ಹೆಸರು ಬರುತ್ತದೆ. ಬೆಳಿಗ್ಗೆ ಬಾಚುವುದನ್ನೇ ನಿಲ್ಲಿಸಿ. ಹಿಂದಿನ ರಾತ್ರಿ ನೀರು ಚಿಮುಕಿಸಿ, ಸ್ವಲ್ಪ ಕಂಡೀಷನರ್ ಹಚ್ಚಿ, ಬೆರಳಿನಿಂದಲೇ ಗಂಟು ಬಿಡಿಸಿ ಸಡಿಲವಾಗಿ ಎರಡು ಜಡೆ ಹಾಕಿ ಮಲಗಿಸಿ. ಬೆಳಿಗ್ಗೆ ರಿಬ್ಬನ್ ಕಟ್ಟಿದರೆ ಆಯಿತು. ಬಿಗಿ ಜಡೆ ಬೇಡ. ವರ್ಷಗಟ್ಟಲೆ ಎಳೆದು ಕಟ್ಟಿದರೆ ಹಣೆಯ ಬದಿ, ಕಿವಿಯ ಮೇಲೆ ಕೂದಲು ತೆಳ್ಳಗಾಗಿ, ಕೊನೆಗೆ ಬರುವುದೇ ನಿಂತು ಹೋಗಬಹುದು. ಈಗಲೇ ಅಲ್ಲಿ ಖಾಲಿ ಕಾಣುತ್ತಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ಮತ್ತೆ ಅವಳ ಎದುರು "ಇವಳ ಮಂಡೆ ಒಂದು ಕರ್ಮ" ಅನ್ನುವ ಮಾತು ಯಾರ ಬಾಯಲ್ಲೂ ಬರಬಾರದು, ಅತ್ತೆಯದ್ದೂ ಸೇರಿ. ಅವರಿಗೆ ನೀವು ಹೇಳುವುದಕ್ಕಿಂತ ಮಗ ಹೇಳುವುದು ಒಳ್ಳೆಯದು.

ಪ್ರಶ್ನೆ: ನಾನು ಪ್ಲಸ್ ಟು ಹುಡುಗ. ಸುರುಳಿ ಕೂದಲು ಸ್ವಲ್ಪ ಬೆಳೆಸಿದ್ದೇನೆ. ಕ್ಲಾಸಿನಲ್ಲಿ ನೇರ ಕೂದಲಿನವರು ನನಗಿಂತ ಉದ್ದ ಬಿಟ್ಟಿದ್ದಾರೆ, ಬೈಗುಳ ನನಗೆ ಮಾತ್ರ. ಅಪ್ಪ ಕೂಡ ರೌಡಿ ಅನ್ನುತ್ತಾರೆ.
– ಕುಂಬಳೆ

ಉತ್ತರ: ಉಬ್ಬಿ ನಿಲ್ಲುವುದರಿಂದ ನಿನ್ನದು ಎಲ್ಲರ ಕಣ್ಣಿಗೆ ಬೀಳುತ್ತದೆ, ಅಷ್ಟೇ ನಿನ್ನ ತಪ್ಪು. ಅಮೆರಿಕದಲ್ಲಿ ಕಪ್ಪು ಜನರ ಮಕ್ಕಳಿಗೆ ಶಾಲೆಗಳಲ್ಲಿ ಇದೇ ಕಾಟ ಇನ್ನೂ ಘೋರವಾಗಿ ಇತ್ತು, ಕೂದಲಿನ ಸಹಜ ರೂಪ ನೋಡಿ ತಾರತಮ್ಯ ಮಾಡಬಾರದು ಅಂತ 2019ರಲ್ಲಿ ಕ್ಯಾಲಿಫೋರ್ನಿಯಾ ಕಾನೂನನ್ನೇ ಮಾಡಿತು, ಆಮೇಲೆ ಬೇರೆ ರಾಜ್ಯಗಳೂ ಮಾಡಿದವು. ನಿನ್ನ ಶಾಲೆಯಲ್ಲಿ ಉದ್ದದ ನಿಯಮ ಇದ್ದರೆ ಅದನ್ನು ಎಲ್ಲರ ಹಾಗೆ ನೀನೂ ಪಾಲಿಸು. ಕ್ಲಾಸ್ ಟೀಚರ್ ಹತ್ತಿರ ಒಬ್ಬನೇ ಹೋಗಿ, ನಿಯಮ ಉದ್ದಕ್ಕಾ ಸುರುಳಿಗಾ ಅಂತ ಮರ್ಯಾದೆಯಿಂದ ಕೇಳು. ಉದ್ದಕ್ಕೆ ಅಂದರೆ ಎಷ್ಟು ಅಂತ ಕೇಳಿಕೊಂಡು ಬಾ. ಬದಿ ಗಿಡ್ಡ ಮಾಡಿ ಮೇಲೆ ಸುರುಳಿ ಉಳಿಸಲು ಗೊತ್ತಿರುವ ಕ್ಷೌರದವರ ಹತ್ತಿರ ಹೋಗು, ಹೋಗುವಾಗ ಅಪ್ಪನನ್ನೂ ಕರೆದುಕೊಂಡು ಹೋಗು.