ಕಾರವಾರದ ಕಡಲತೀರದಲ್ಲಿ ದೊಡ್ಡ ಸಂಗೀತೋತ್ಸವ ಮಾಡುವಾಗ ಯಾವ ತೊಂದರೆ ಜಾಸ್ತಿ?

ವೇದಿಕೆ, ಜನರೇಟರ್, ಕುರ್ಚಿ ಎಲ್ಲ ದುಡ್ಡು ಕೊಟ್ಟರೆ ಬರುತ್ತವೆ. ನಿಜವಾದ ತಲೆನೋವು ಸೌಂಡಿನದು. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಅಷ್ಟೇ ಹೋಗುತ್ತದೆ. ಇಲ್ಲಿನ ಟಾಗೋರ್ ಬೀಚಿನಂಥ ಉದ್ದನೆಯ ಜಾಗದಲ್ಲಿ 170 ಮೀಟರ್ ಹಿಂದೆ ನಿಂತವರಿಗೆ ತಬಲಾ ಪೆಟ್ಟು ಅರ್ಧ ಸೆಕೆಂಡ್ ತಡ. ಅಲ್ಲಿ ಸುಮ್ನೆ ಇನ್ನೊಂದು ಸ್ಪೀಕರ್ ಇಟ್ಟರೆ, ತಂತಿಯಲ್ಲಿ ಕೂಡಲೇ ಬಂದ ಸದ್ದು ಮೊದಲು, ವೇದಿಕೆಯದು ಆಮೇಲೆ, ಹೀಗೆ ಒಂದೇ ಪೆಟ್ಟು ಎರಡು ಸಲ ಕೇಳುತ್ತದೆ! ಅದಕ್ಕೇ ಹಿಂದಿನ ಸ್ಪೀಕರಿಗೆ ಅಷ್ಟೇ ಡಿಲೇ (ತಡ) ಕೊಡುತ್ತಾರೆ.

ಮರಳಲ್ಲಿ ಸ್ಪೀಕರ್ ಏರಿಸುವ ಟವರ್ ಕಾಲು ಹೂತುಹೋಗದಂತೆ ಕೆಳಗೆ ಹಲಗೆ ಹಾಸಬೇಕು. ಉಪ್ಪುಗಾಳಿ ತಾಗದಂತೆ ಕೇಬಲ್ ಕನೆಕ್ಟರ್ ಮುಚ್ಚಿಡಬೇಕು.

ರಾತ್ರಿ 10ರ ನಂತರ ಬಯಲಲ್ಲಿ ಧ್ವನಿವರ್ಧಕಕ್ಕೆ ನಿಷೇಧವಿದೆ. ಸರ್ಕಾರ ಬೇಕಿದ್ದರೆ ವರ್ಷಕ್ಕೆ 15 ದಿನ ಮೀರದಂತೆ 12ರವರೆಗೆ ಸಡಿಲಿಸಬಹುದು.

ಪಕ್ಕದಲ್ಲೇ ಹೆದ್ದಾರಿ 66 ಬೇರೆ. ಕಾರ್ಯಕ್ರಮ ಮುಗಿದಾಗ ಜನ ಒಮ್ಮೆಲೇ ಅಲ್ಲಿಗೇ ಬರುತ್ತಾರಲ್ವಾ? ರಸ್ತೆ ದಾಟಿಸಲು ಆಳುಗಳನ್ನು ಮೊದಲೇ ನಿಲ್ಲಿಸಿ.