ಈಜಿಪ್ಟ್‌ಗೆ ಗೈಡ್ ಇರೋ ಪ್ಯಾಕೇಜ್ ತಗೋಬೇಕಾ, ನಾವೇ ನೋಡ್ಕೊಂಡ್ ಬರಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ಅಪ್ಪ ಅಮ್ಮನ್ನ ಕರ್ಕೊಂಡು ಈಜಿಪ್ಟ್‌ಗೆ ಹೋಗ್ತಿದೀರಿ, ಪಿರಮಿಡ್ಡು ದೇವಸ್ಥಾನ ಎಲ್ಲಾ ಯೂಟ್ಯೂಬಲ್ಲಿ ನೋಡಿ ಆಗಿದೆ, ಹಂಗಿದ್ಮೇಲೆ ಗೈಡ್‌ಗೆ ಅಂತ ಯಾಕೆ ದುಡ್ಡು ಸುರೀಬೇಕು. ನಾವು 2024ರ ಜನವರೀಲಿ ಹೋಗಿದ್ವಿ, ನಾನು, ಅಪ್ಪ, ಅಮ್ಮ, ಒಂಬತ್ತು ದಿನ. ಅಪ್ಪ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು, ಅಮ್ಮನ ತವರು ಸಕಲೇಶಪುರದ ಕಡೆ. ಒಂದೇ ಪ್ಯಾಕೇಜಲ್ಲಿ ನಮಗೆ ಇಬ್ಬರು ಗೈಡ್ ಸಿಕ್ಕಿದ್ರು, ಕೈರೋದಲ್ಲಿ ಒಬ್ಬ, ಅಸ್ವಾನ್‌ನಿಂದ ಲಕ್ಸರ್‌ವರೆಗೆ ಇನ್ನೊಬ್ಬರು. ಮೊದಲನೆಯವನಿಗೆ ಕೊಟ್ಟಿದ್ದು ದಂಡ, ಎರಡನೆಯವರಿಗೆ ಎರಡರಷ್ಟು ಕೊಟ್ಟಿದ್ರೂ ಕಮ್ಮೀನೇ. ಹಾಗಾಗಿ ಗೈಡ್ ಬೇಕು, ಆದ್ರೆ ಎಲ್ಲಾ ಕಡೆ ಬೇಡ, ಎಂಥವರು ಅಂತ ಮೊದಲೇ ಕೇಳ್ಕೊಳ್ಳಿ.

ಕೈರೋದವನ ಕಥೆ ಬೇಗ ಮುಗಿಸ್ತೀನಿ. ಗೀಜಾದಲ್ಲಿ ವ್ಯಾನ್ ಇಳಿಸಿ, ಇದು ಖುಫು ರಾಜ ಕಟ್ಟಿಸಿದ್ದು, 23 ಲಕ್ಷ ಕಲ್ಲು, ಮೊದಲು 146 ಮೀಟರ್ ಎತ್ತರ ಇತ್ತು ಈಗ 138 ಚಿಲ್ಲರೆ ಅಂತ ಕಂಠಪಾಠ ಒಪ್ಪಿಸ್ದ, ಫೋಟೋಗೆ ಇಪ್ಪತ್ತು ನಿಮಿಷ ಕೊಟ್ಟ, ಆಮೇಲೆ ಪಪೈರಸ್ ಅಂಗಡಿ, ಅದಾದ್ಮೇಲೆ ಸೆಂಟು ಅಂಗಡಿ, ಎರಡೂ ಸೇರಿ ಒಂದೂವರೆ ಗಂಟೆ ಹೋಯ್ತು. ಟೂರ್‌ನವರು ಕೊಟ್ಟ ಹಾಳೇಲಿ "ಪಿರಮಿಡ್ ದರ್ಶನ" ಅಂತಿತ್ತು, ಅಲ್ಲಿ ಹೋದ್ಮೇಲೆ ಒಳಗೆ ಹೋಗೋಕೆ ಟಿಕೆಟ್ ಬೇರೆ, ಅದು ನಿಮ್ಮ ಪ್ಯಾಕೇಜಲ್ಲಿ ಇಲ್ಲ ಅಂದ್ರು. ದುಡ್ಡು ಕಟ್ಟೋ ಮೊದಲೇ ಇದನ್ನ ಬರಹದಲ್ಲಿ ತಗೊಳ್ಳಿ, ಯಾವ ಯಾವ ಜಾಗದ ಒಳಗಿನ ಟಿಕೆಟ್ ಸೇರಿದೆ, ಎಷ್ಟು ಅಂಗಡಿಗೆ ನಿಲ್ಲಿಸ್ತೀರಿ ಅಂತ. ಅಂಗಡಿ ಬೇಡ ಅಂದ್ರೆ ಕೆಲವರು ಒಪ್ತಾರೆ, ಮುಖ ಊದಿಸ್ಕೊಂಡಾದ್ರೂ.

ನಾನು ಜೇಬಿಂದ ಕೊಟ್ಟು ಒಳಗೆ ಹೋದೆ. ಅಪ್ಪ ಅಮ್ಮ ಹೊರಗೇ ಕೂತ್ರು, ಅದೇ ಒಳ್ಳೇದಾಯ್ತು, ಯಾಕಂದ್ರೆ ಆ ಹತ್ತೋ ದಾರಿ ಎಷ್ಟು ತಗ್ಗು ಅಂದ್ರೆ ಸೊಂಟ ಮುರ್ಕೊಂಡು ಬಗ್ಗಿ ಹತ್ತಬೇಕು, ಎದುರಿಂದ ಇಳಿಯೋರಿಗೂ ಅದೇ ದಾರಿ, ಸೆಕೆ ಬೇರೆ. ಮೇಲೆ ರಾಜನ ಕೋಣೆ. ಗೋಡೆ ಮೇಲೆ ಒಂದು ಗೀಟೂ ಇಲ್ಲ, ಮುಚ್ಚಳ ಇಲ್ದಿರೋ ಗ್ರಾನೈಟ್ ಪೆಟ್ಟಿಗೆ ಒಂದೇ, ಅದರ ಮೂಲೆಯೂ ಒಡೆದಿದೆ. ಆದ್ರೆ ಆ ಗ್ರಾನೈಟ್ ಎಲ್ಲಾ 800 ಕಿಲೋಮೀಟರ್ ದೂರದ ಅಸ್ವಾನ್‌ನಿಂದ ನೈಲ್ ನದೀಲಿ ತೇಲಿಸ್ಕೊಂಡು ತಂದಿದ್ದು, ತಲೆ ಮೇಲಿರೋ ಒಂದೊಂದು ತೊಲೆ ಹತ್ತಾರು ಟನ್. ನಾಲ್ಕೂವರೆ ಸಾವಿರ ವರ್ಷ ಆಯ್ತು, ಇನ್ನೂ ನಿಂತಿದೆ. ನಿಮ್ಮ ಅಪ್ಪ ಅಮ್ಮನಿಗೆ ಮಂಡಿ ನೋವಿದ್ರೆ ಇದು ಬೇಡ್ವೇ ಬೇಡ. ಅದರ ಬದಲು ಕೈರೋ ಹತ್ರದ ಸಕ್ಕಾರಕ್ಕೆ ಕರ್ಕೊಂಡು ಹೋಗಿ, ಜೋಸರ್ ರಾಜನ ಮೆಟ್ಟಿಲು ಪಿರಮಿಡ್ ಅಲ್ಲಿದೆ, ಗೀಜಾದಕ್ಕಿಂತ ಹಳೇದು, ಪಕ್ಕದಲ್ಲೇ ತೇತಿ ಅನ್ನೋ ರಾಜನ ಪಿರಮಿಡ್ ಹೊರಗಿಂದ ಮಣ್ಣು ಗುಡ್ಡೆ ಥರ ಕಾಣುತ್ತೆ, ಒಳಗೆ ಗೋಡೆ ತುಂಬ ಅಕ್ಷರ ಕೆತ್ತಿದಾರೆ, ಚಾವಣೀಲಿ ನಕ್ಷತ್ರ. ಜನಾನೂ ಕಮ್ಮಿ.

ಮ್ಯೂಸಿಯಂ ಬಗ್ಗೆ ಒಂದು ಮಾತು, ನಾವು ಹೋದಾಗ ತುತಂಖಾಮುನ್ ಅನ್ನೋ ರಾಜನ ಚಿನ್ನದ ಮುಖವಾಡ ಕೈರೋದ ತಹ್ರೀರ್ ಚೌಕದ ಹಳೇ ಮ್ಯೂಸಿಯಂನಲ್ಲೇ ಇತ್ತು, ಈಗ ಗೀಜಾ ಹತ್ರದ ಗ್ರ್ಯಾಂಡ್ ಈಜಿಪ್ಷಿಯನ್ ಮ್ಯೂಸಿಯಂ 2025ರ ನವೆಂಬರಲ್ಲಿ ಪೂರ್ತಿ ಓಪನ್ ಆಗಿ ಅವನ ಸಾಮಾನೆಲ್ಲ ಅಲ್ಲಿಗೇ ಹೋಗಿದೆ. ರಾಜರ ಮಮ್ಮಿಗಳು ಮಾತ್ರ ಇನ್ನೊಂದು ಕಡೆ, ಫುಸ್ತಾತ್‌ನಲ್ಲಿರೋ ನಾಗರಿಕತೆ ಮ್ಯೂಸಿಯಂನಲ್ಲಿ, 2021ರಲ್ಲಿ 22 ಮಮ್ಮಿಗಳನ್ನ ಮೆರವಣಿಗೆ ಮಾಡಿ ಅಲ್ಲಿಗೆ ಸಾಗಿಸಿದ್ರು. ಎರಡನೇ ರಾಮ್ಸೆಸ್‌ನ ಮೂಗಿನ ಹೊಳ್ಳೇಲಿ ಕಾಳುಮೆಣಸು ಸಿಕ್ಕಿತ್ತಂತೆ, 3200 ವರ್ಷದ ಹಿಂದೆ ತುರುಕಿದ್ದು, ಅದು ನಮ್ಮ ದಕ್ಷಿಣ ಭಾರತದ ಕಡೆಯಿಂದಲೇ ಹೋಗಿರಬೇಕು ಅಂತಾರೆ. ಇದನ್ನ ಹೇಳಿದ ತಕ್ಷಣ ಅಮ್ಮನಿಗೆ ಆ ರಾಜನ ಮೇಲೆ ಒಂಥರಾ ಹಕ್ಕು ಬಂದುಬಿಡ್ತು, "ನಮ್ಮನೆ ಬಳ್ಳಿದೇ ಇರಬಹುದು ಬಿಡು" ಅಂದ್ಕೊಂಡು ಗಾಜಿನ ಮುಂದೆ ಜಪ್ಪಯ್ಯ ಅಂದ್ರೂ ಕದಲಲಿಲ್ಲ.

ಈಗ ಅಸ್ವಾನ್. ಅಲ್ಲಿಂದ ಬಂದೋರು ನಮ್ಮ ಗೈಡಮ್ಮ (ಅಮ್ಮ ಇಟ್ಟ ಹೆಸರು, ಅದೇ ಇರಲಿ). ಮೊದಲನೇ ದಿನ ಫಿಲೆ ದೇವಸ್ಥಾನಕ್ಕೆ ದೋಣೀಲಿ ಹೋಗ್ತಿರುವಾಗ ಅಪ್ಪನ ಕೈಲಿದ್ದ ನೋಟ್‌ಬುಕ್ಕು ನೋಡಿ, ಕೊಡಿ ಇಲ್ಲಿ ಅಂತ ಇಸ್ಕೊಂಡು, ಅಲ್ಲಿನ ಹಳೇ ಚಿತ್ರಲಿಪಿ ಓದೋದು ಹೇಗೆ ಅಂತ ಬರೆಯೋಕೆ ಶುರು ಮಾಡಿದ್ರು. ಮೊದಲು ಒಂದು ಉದ್ದುದ್ದ ಮೊಟ್ಟೆ ಆಕಾರ, ಕೆಳಗೊಂದು ಗೀಟು. ಇದರೊಳಗೆ ಏನಿದ್ರೂ ಅದು ರಾಜನ ಹೆಸರು. ಎರಡನೇದು, ಹಕ್ಕಿ, ಮನುಷ್ಯ, ಹಾವು ಯಾವ ಕಡೆ ಮುಖ ಮಾಡಿದೆಯೋ ಸಾಲು ಆ ಕಡೆಯಿಂದ ಶುರು, ಎಡದಿಂದಲೂ ಓದಬಹುದು ಬಲದಿಂದಲೂ ಓದಬಹುದು. ಮೂರನೇದು ಅಪ್ಪನಿಗೆ ತುಂಬಾ ಇಷ್ಟ ಆಗಿದ್ದು, ದೇವರ ಹೆಸರು ಹೇಳುವಾಗ ಕೊನೇಲಿ ಬಂದ್ರೂ ಬರೆಯುವಾಗ ಮೊದಲು ಬರೀತಾರೆ, ತುತ್-ಅಂಖ್-ಅಮುನ್ ಅನ್ನೋದನ್ನ ಅಮುನ್-ತುತ್-ಅಂಖ್ ಅಂತ ಕೆತ್ತಿರ್ತಾರೆ, ಗೌರವಕ್ಕೆ. ಅಪ್ಪ ತಕ್ಷಣ, ಓ, ನಾವು ಕಾಗದದ ಮೇಲೆ ಮೊದಲು ಶ್ರೀ ಹಾಕಿದ ಹಾಗೆ ಅಂದ್ರು, ನಾನು ಅದನ್ನ ಇಂಗ್ಲಿಷಲ್ಲಿ ಹೇಳಿದೆ, ಆಯಮ್ಮ ನಕ್ಕು ಆ ಶ್ರೀನೂ ಬರೆಸ್ಕೊಂಡ್ರು.

ದೋಣಿ ಯಾಕೆ ಅಂದ್ರೆ ಫಿಲೆ ಇರೋದು ದ್ವೀಪದಲ್ಲಿ, ಅದೂ ಅದರ ಸ್ವಂತ ದ್ವೀಪ ಅಲ್ಲ. ಅಸ್ವಾನ್‌ನ ಡ್ಯಾಮ್‌ಗಳಿಂದ ಮುಳುಗ್ತಿತ್ತು ಅಂತ 1970ರ ದಶಕದಲ್ಲಿ ಕಲ್ಲು ಕಲ್ಲು ಬಿಚ್ಚಿ ಪಕ್ಕದ ಅಗಿಲ್ಕಿಯಾ ದ್ವೀಪದಲ್ಲಿ ಮತ್ತೆ ಕಟ್ಟಿದಾರೆ. ಎಲ್ಲರೂ ದೊಡ್ಡ ಗೋಪುರದ ಮುಂದೆ ಸೆಲ್ಫಿ ತಗೋತಿದ್ರೆ ಗೈಡಮ್ಮ ನಮ್ಮನ್ನ ಹೇಡ್ರಿಯನ್ ಬಾಗಿಲು ಅನ್ನೋ ಕಡೆ ಕರ್ಕೊಂಡು ಹೋದ್ರು, ಅಲ್ಲೊಂದು ದೇವರ ಚಿತ್ರದ ಪಕ್ಕ ಸೊಟ್ಟ ಸೊಟ್ಟ ಅಕ್ಷರ, ನೋಡೋಕೆ ಏನೇನೂ ಚೆನ್ನಾಗಿಲ್ಲ, ಬಸ್‌ಸ್ಟ್ಯಾಂಡ್ ಗೋಡೆ ಮೇಲೆ ಗೀಚಿದ ಹಾಗಿದೆ. ಅದು ಕ್ರಿಸ್ತಶಕ 394ನೇ ಇಸವಿ ಆಗಸ್ಟ್ 24ರಂದು ಎಸ್ಮೆತ್-ಅಖೋಮ್ ಅನ್ನೋ ಪೂಜಾರಿ ಕೆತ್ತಿದ್ದು. ಮೂರು ಸಾವಿರ ವರ್ಷಕ್ಕೂ ಮೇಲೆ ಬರ್ಕೊಂಡು ಬಂದ ಚಿತ್ರಲಿಪೀಲಿ ನಮಗೆ ಸಿಕ್ಕಿರೋ ಕೊನೇ ಬರಹ ಅದೇ. ಆಮೇಲೆ ಓದೋಕೆ ಬರೋರೇ ಇಲ್ಲದ ಹಾಗಾಗಿ, 1822ರಲ್ಲಿ ಶಾಂಪೋಲಿಯನ್ ಅನ್ನೋ ಫ್ರೆಂಚ್ ವಿದ್ವಾಂಸ ಬಿಡಿಸೋವರೆಗೂ ಆ ಗೋಡೆಗಳೆಲ್ಲ ಬರೀ ಚಿತ್ರ ಅಷ್ಟೇ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ನಮ್ಮ ಹಲ್ಮಿಡಿ ಶಾಸನ ಸುಮಾರು 450 ಅಲ್ವೇನೋ ಅಂದ್ರು. (ತಾಳಗುಂದದ್ದು ಅದಕ್ಕಿಂತ ಹಳೇದು ಅಂತಾರೆ, ಗೊತ್ತು, ಕಾಮೆಂಟಲ್ಲಿ ಆ ಜಗಳ ಬೇಡ.) ಅಂದ್ರೆ ಅಲ್ಲಿ ಈ ಪೂಜಾರಿ ಕೊನೇ ಸಾಲು ಗೀಚಿ ಇನ್ನೂ ಅರವತ್ತು ವರ್ಷ ಆಗಿರಲಿಲ್ಲ, ಇಲ್ಲಿ ನಮ್ಮ ಬೇಲೂರು ಹತ್ರ ಯಾರೋ ಕನ್ನಡದಲ್ಲಿ ಕಲ್ಲು ಕೆತ್ತಿ ನಿಲ್ಲಿಸ್ತಿದ್ರು. ಸತ್ಯ ಹೇಳ್ತೀನಿ, ನಾನು ಒಬ್ಬನೇ ಹೋಗಿದ್ರೆ ಆ ಗೀಚು ಮುಂದೆ ನಾಲ್ಕು ಸಲ ಓಡಾಡಿದ್ರೂ ಕಣ್ಣಿಗೆ ಬೀಳ್ತಿರಲಿಲ್ಲ. ಯೂಟ್ಯೂಬಲ್ಲಿ ಇದೆಯೋ ಏನೋ, ಇದ್ರೂ ನಾನು ಸ್ಕಿಪ್ ಮಾಡಿರ್ತಿದ್ದೆ.

ಎರಡನೇ ರಾಮ್ಸೆಸ್ ಗುಡ್ಡ ಕೊರೆಸಿ ಮಾಡಿಸಿದ ಅಬು ಸಿಂಬೆಲ್ ದೇವಸ್ಥಾನಕ್ಕೆ ಬೆಳಗಿನ ಜಾವ ನಾಲ್ಕಕ್ಕೆ ಹೊರಡಿಸ್ತಾರೆ, ಹೋಗ್ತಾ ಮೂರು ಗಂಟೆ ಮೇಲೆ ಬರ್ತಾ ಅಷ್ಟೇ, ಎರಡೂ ಕಡೆ ಬರೀ ಮರಳು, ಅಮ್ಮ ಕಟ್ಕೊಂಡಿದ್ದ ಅವಲಕ್ಕಿ ಅಲ್ಲೇ ಖಾಲಿ ಆಯ್ತು. ದೂರ ಅಂತ ಬಿಡಬೇಡಿ. ಇದನ್ನೂ ಡ್ಯಾಮ್ ನೀರಿಂದ ತಪ್ಪಿಸೋಕೆ 1964ರಿಂದ 68ರವರೆಗೆ ಗುಡ್ಡ ಸಮೇತ ಗರಗಸದಲ್ಲಿ ಕೊಯ್ದು 65 ಮೀಟರ್ ಮೇಲೆ ತಂದು ಜೋಡಿಸಿದಾರೆ. ಹಿಂದಿರೋ ಗುಡ್ಡ ಕೃತಕ, ಒಳಗೆ ಕಾಂಕ್ರೀಟ್ ಗುಮ್ಮಟ. ಬಾಗಿಲಲ್ಲಿ ಕೂತಿರೋ ನಾಲ್ಕು ರಾಮ್ಸೆಸ್‌ಗಳಲ್ಲಿ ಒಂದರ ತಲೆ ಹಳೇ ಕಾಲದಲ್ಲೇ ಮುರಿದು ನೆಲಕ್ಕೆ ಬಿದ್ದಿತ್ತು, ಇವರು ಎತ್ತಿ ಅಂಟಿಸಬಹುದಿತ್ತು, ಆದ್ರೆ ಹೊಸ ಜಾಗದಲ್ಲೂ ಬಿದ್ದಿದ್ದು ಬಿದ್ದ ಹಾಗೇ ಇಟ್ಟಿದಾರೆ. ಫೆಬ್ರವರಿ 22, ಅಕ್ಟೋಬರ್ 22 ಸೂರ್ಯನ ಬೆಳಕು ಗರ್ಭಗುಡಿವರೆಗೂ ಬರುತ್ತೆ, ಆ ದಿನ ಕಾಲಿಡೋಕೆ ಜಾಗ ಇರಲ್ಲ.

ಅಲ್ಲಿ ಇನ್ನೊಂದು ವಿಷ್ಯ ಗೊತ್ತಾಗೋದು, ಒಳಗೆ ಗೈಡ್‌ಗಳು ಮಾತಾಡೋ ಹಾಗಿಲ್ಲ. ಲಕ್ಸರ್‌ನ ರಾಜರ ಕಣಿವೇಲೂ ಅದೇ ರೂಲ್ಸು, ಗೋರಿ ಒಳಗೆ ವಿವರಣೆ ಇಲ್ಲ. ಕೆಲವು ಗೈಡ್‌ಗಳು ಇದೇ ನೆಪ ಹೇಳಿ ನೀವು ನೋಡ್ಕೊಂಡು ಬನ್ನಿ ಅಂತ ಕಾಫಿಗೆ ಹೋಗ್ತಾರೆ. ಗೈಡಮ್ಮ ಹೊರಗೆ ನೆರಳಲ್ಲಿ ಕೂರಿಸಿ ಫೋಟೋ ತೋರಿಸಿ ಅರ್ಧ ಗಂಟೆ ಹೇಳಿ, ಎಡಗೋಡೇಲಿ ಇದು ಹುಡುಕಿ, ಚಾವಣೀಲಿ ಅದು ಹುಡುಕಿ ಅಂತ ಹೋಂವರ್ಕ್ ಕೊಟ್ಟು ಕಳಿಸ್ತಿದ್ರು. ಅರವತ್ತಕ್ಕೂ ಮೇಲೆ ಗೋರಿ ಇದಾವೆ, ಮಾಮೂಲಿ ಟಿಕೆಟ್‌ಗೆ ಮೂರು ನೋಡಬಹುದು, ವಯಸ್ಸಾದೋರಿಗೆ ನಾಲ್ಕನೇ ರಾಮ್ಸೆಸ್‌ದು ಸಲೀಸು, ಮೆಟ್ಟಿಲಿಗಿಂತ ಇಳಿಜಾರು ಜಾಸ್ತಿ. ತುತಂಖಾಮುನ್‌ದು ಬೇರೆ ಟಿಕೆಟ್ಟು, 1922ರಲ್ಲಿ ಕಾರ್ಟರ್ ಅನ್ನೋ ಇಂಗ್ಲಿಷ್ ಪುರಾತತ್ವಜ್ಞ ಕಂಡುಹಿಡಿದಿದ್ದು ಅಂತ ಹೆಸರು ದೊಡ್ಡದು, ಗೋರಿ ಪುಟಾಣಿ. ಆ ದುಡ್ಡಿಗೆ ಐದು-ಆರನೇ ರಾಮ್ಸೆಸ್‌ಗಳ ಗೋರಿ ನೋಡಿ ಅನ್ನೋದು ನನ್ನ ಅಭಿಪ್ರಾಯ.

ಕಾರ್ನಾಕ್‌ನ 134 ಕಂಬ, ಹತ್‌ಶೆಪ್ಸುತ್ ರಾಣಿ ದೇವಸ್ಥಾನ ಎಲ್ಲಾ ಪ್ಯಾಕೇಜಲ್ಲಿ ಇದ್ದೇ ಇರುತ್ತೆ. ಇರದೇ ಇರೋದು ಮೆದಿನೆತ್ ಹಾಬು ಅನ್ನೋ ದೇವಸ್ಥಾನ. ನಾವು ಲಕ್ಸರ್‌ನಲ್ಲಿ ಅಲಬಾಸ್ಟರ್ ಕಲ್ಲಿನ ಸಾಮಾನಿನ ಅಂಗಡಿ ಬೇಡ ಅಂದು ಆ ಟೈಮಲ್ಲಿ ಇಲ್ಲಿಗೆ ಹೋದ್ವಿ. ಮೂರನೇ ರಾಮ್ಸೆಸ್ ಕಟ್ಟಿಸಿದ್ದು, ಅಕ್ಷರ ಎಷ್ಟು ಆಳ ಅಂದ್ರೆ ನನ್ನ ಬೆರಳು ಪೂರ್ತಿ ಒಳಗೆ ಹೋಗೋ ಹಾಗಿತ್ತು (ಮುಟ್ಟಬೇಡಿ, ಅಳತೆ ಕಣ್ಣಲ್ಲೇ ತಗೊಂಡಿದ್ದು). ಮುಂದೆ ಬರೋ ರಾಜ ಉಜ್ಜಿ ತನ್ನ ಹೆಸರು ಹಾಕ್ಕೊಬಾರದು ಅಂತ ಅಷ್ಟು ಆಳ ಅಂದ್ರು ಗೈಡಮ್ಮ, ಹತ್‌ಶೆಪ್ಸುತ್ ಹೆಸರನ್ನ ಆಮೇಲಿನವರು ಹೇಗೆ ಕೆತ್ತಿ ತೆಗೆದಿದ್ರು ಅಂತ ಬೆಳಿಗ್ಗೆ ತಾನೇ ನೋಡಿದ್ದರಿಂದ ಅದು ಸರಿ ಅನ್ನಿಸ್ತು. ಬಿಸಿಲು ಬೀಳೋ ಹೊರಗೋಡೇಲಿ ಚಿತ್ರ ಒಳಕ್ಕೆ ಕೊರೆದಿರ್ತಾರೆ, ನೆರಳು ಬಿದ್ದು ಗೆರೆ ಎದ್ದು ಕಾಣಲಿ ಅಂತ. ಒಳಗೆ ಕತ್ತಲಲ್ಲಿ ಉಬ್ಬು ಕೆತ್ತನೆ. ಒಂದು ಗೋಡೇಲಿ ಯುದ್ಧ ಮುಗಿದ ಮೇಲೆ ಕತ್ತರಿಸಿದ ಶತ್ರುಗಳ ಕೈಗಳನ್ನ ರಾಶಿ ಹಾಕಿದಾರೆ, ಪಕ್ಕದಲ್ಲಿ ಗುಮಾಸ್ತರು ನಿಂತು ಎಣಿಸಿ ಬರ್ಕೊತಿದಾರೆ. ಅಮ್ಮ ಮುಖ ತಿರುಗಿಸಿದ್ರು, ಅಪ್ಪ ಮಾತ್ರ ಬೇಲೂರಲ್ಲಿ ದಾಸೋಜ ಚಾವಣ ಅಂತ ಶಿಲ್ಪಿಗಳು ಹೆಸರು ಕೆತ್ಕೊಂಡಿದಾರಲ್ಲ, ಇಲ್ಲಿ ಕೆತ್ತಿದವನ ಹೆಸರೆಲ್ಲಿ ಅಂತ ಕೇಳಿದ್ರು. ಇಲ್ಲಿ ಹಾಗೆ ಹೆಸರು ಹಾಕ್ಕೊಂಡಿರೋದು ಬಲು ಅಪರೂಪ ಅಂದ್ರು ಗೈಡಮ್ಮ. ಅದೇ ಸಂಜೆ ಲಕ್ಸರ್ ದೇವಸ್ಥಾನದಲ್ಲಿ ಅಪ್ಪ ತಾವೇ ಒಂದು ಮೊಟ್ಟೆ ಹುಡುಕಿ, ಹಕ್ಕಿ ಮುಖ ನೋಡಿ, ಸೂರ್ಯನ ದುಂಡು (ಅದೇ ರಾ ದೇವರು) ಗುರುತಿಸಿ "ರಾಮ್ಸೆಸ್!" ಅಂತ ಕೂಗಿದ್ರು, ಪಕ್ಕದಲ್ಲಿದ್ದ ಯಾವುದೋ ದೇಶದವರು ಚಪ್ಪಾಳೆ ತಟ್ಟಿದ್ರು. (ಈಜಿಪ್ಟಲ್ಲಿ ಕಣ್ಣು ಮುಚ್ಕೊಂಡು ರಾಮ್ಸೆಸ್ ಅಂದ್ರೂ ಅರ್ಧಕ್ಕರ್ಧ ಸರಿ ಆಗುತ್ತೆ, ಅದನ್ನ ಅಪ್ಪನಿಗೆ ಹೇಳಿಲ್ಲ.)

ಉಳಿದಿದ್ದು ಚಿಲ್ಲರೆ ವಿಷ್ಯ, ಅಕ್ಷರಶಃ ಚಿಲ್ಲರೆ. ಸಣ್ಣ ನೋಟು ಯಾವಾಗ್ಲೂ ಜೇಬಲ್ಲಿರಲಿ, ಟಾಯ್ಲೆಟ್ಟಲ್ಲಿ ಟಿಶ್ಯೂ ಕೊಡೋನಿಂದ ಹಿಡಿದು ಬಾ ಬಾ ಅಂತ ಕಂಬದ ಹಿಂದೆ ಕರೆದು ಏನೋ ತೋರಿಸೋ ಕಾವಲುಗಾರನವರೆಗೂ ಎಲ್ಲರಿಗೂ ಬಕ್ಷೀಶ್ ಬೇಕು. ಸಸ್ಯಾಹಾರಿಗಳಾದ್ರೆ ಹೆದರಬೇಡಿ, ಕೊಶರಿ ಅಂತ ಸಿಗುತ್ತೆ, ಅನ್ನ, ಬೇಳೆ, ಮ್ಯಾಕರೋನಿ, ಕಡಲೆ, ಮೇಲೆ ಹುರಿದ ಈರುಳ್ಳಿ, ಟೊಮ್ಯಾಟೊ ಸಾರು, ಅಮ್ಮ ಅದಕ್ಕೆ ಚಟ್ನಿಪುಡಿ ಉದುರಿಸಿ ನಾಲ್ಕು ದಿನ ತಿಂದ್ರು. ಅಸ್ವಾನ್-ಲಕ್ಸರ್ ದಾರೀಲಿ ಸಿಗೋ ಎದ್ಫುವಿನಲ್ಲಿ ದೇವಸ್ಥಾನಕ್ಕೆ ಕುದುರೆ ಗಾಡೀಲಿ ಕರ್ಕೊಂಡು ಹೋಗ್ತಾರೆ, ಕುದುರೆಗಳ ಪಕ್ಕೆಲುಬು ಎಣಿಸಬಹುದಿತ್ತು, ನಾವು ಬೇಡ ಅಂದು ಆಟೋ ಹಿಡಿದ್ವಿ, ನೀವೂ ಹಾಗೇ ಮಾಡಿ.

ದುಡ್ಡು ಉಳಿಸಬೇಕು ಅಂದ್ರೆ ಕೈರೋದಲ್ಲಿ ಗೈಡ್ ಬಿಟ್ಟು ಬರೀ ಕಾರು ಡ್ರೈವರ್ ಮಾಡ್ಕೊಳ್ಳಿ, ಅಸ್ವಾನ್-ಲಕ್ಸರ್‌ಗೆ ನಿಮ್ಮ ಮೂವರಿಗೇ ಅಂತ ಲೈಸೆನ್ಸ್ ಇರೋ ಗೈಡ್ ತಗೊಳ್ಳಿ, ನಲವತ್ತು ಜನರ ಗುಂಪಲ್ಲಿ ಬಾವುಟದ ಹಿಂದೆ ಓಡೋದು ಬೇಡ. ಬುಕ್ ಮಾಡೋ ಮೊದಲು ಫೋನಲ್ಲಿ ಒಂದೇ ಪ್ರಶ್ನೆ ಕೇಳಿ, ಮೆದಿನೆತ್ ಹಾಬುಗೆ ಕರ್ಕೊಂಡು ಹೋಗ್ತೀರಾ ಅಂತ, ಉತ್ತರ ಹೇಳೋ ಉತ್ಸಾಹದಲ್ಲೇ ಆಳು ಎಂಥವರು ಅಂತ ಗೊತ್ತಾಗುತ್ತೆ. ಗೈಡಮ್ಮ ಬರೆದುಕೊಟ್ಟ ಆ ಎರಡು ಪುಟ ಬೇಕಿದ್ರೆ ಹೇಳಿ, ನೋಟ್‌ಬುಕ್ಕು ಅಪ್ಪ ಯಾರ ಕೈಗೂ ಕೊಡಲ್ಲ, ಫೋಟೋ ತೆಗೆದು ಹಾಕ್ತೀನಿ.